ಅಪ್‌ಡೇಟ್: ರಾಜೀನಾಮೆಗೆ ಸಹಿ ಹಾಕಲಿಲ್ಲ

ಹೋದ ತಿಂಗಳು ಕೇಳಿದ್ದೆ: ತೋರಣಗಲ್ಲು ಹತ್ತಿರದ ಕಾರ್ಖಾನೆಯಲ್ಲಿ 9 ವರ್ಷ ಐಟಿ ಸೆಕ್ಯುರಿಟಿ ನೋಡಿಕೊಂಡಿದ್ದೇನೆ, ಈಗ ಕೆಲಸವನ್ನು ಬೆಂಗಳೂರಿನ ಏಜೆನ್ಸಿಗೆ ಕೊಟ್ಟಿದ್ದಾರೆ, ರಾಜೀನಾಮೆ ಬರೆದುಕೊಡು ಅಂತಿದ್ದಾರೆ, ಏನು ಮಾಡಲಿ ಅಂತ.

ಬರೆದುಕೊಡಲಿಲ್ಲ. "ತೆಗೆಯೋದಾದ್ರೆ ನೀವೇ ಪತ್ರ ಕೊಡಿ ಸರ್" ಅಂದೆ. ಎಚ್‌ಆರ್ ಮುಖ ಗಂಟು ಹಾಕಿಕೊಂಡರು. ಎರಡು ವಾರ ಎಳೆದಾಡಿ, ಕೊನೆಗೆ ಪತ್ರದ ಜೊತೆ ಎರಡು ತಿಂಗಳ ಸಂಬಳಕ್ಕೂ ಒಪ್ಪಿದರು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕಂಪನಿ ಕೊಡೋ ಹಣ) ಹೇಗಿದ್ದರೂ ಬರಬೇಕಿತ್ತು, ಐದು ವರ್ಷ ದಾಟಿದೆಯಲ್ಲ. ಬೇಸಿಕ್ 39,000. ಅದನ್ನು ತಿಂಗಳಿಗೆ 26 ಕೆಲಸದ ದಿನ ಅಂತ ಭಾಗಿಸಿ, ವರ್ಷಕ್ಕೆ 15 ದಿನದಂತೆ 9 ವರ್ಷಕ್ಕೆ ಗುಣಿಸಿದರೆ 2,02,500. ಲೆಕ್ಕ ನೀವೂ ಮಾಡಿಟ್ಟುಕೊಳ್ಳಿ, ಅವರದ್ದರಲ್ಲಿ ಒಂದು ವರ್ಷ ಕಮ್ಮಿ ಇತ್ತು!

ಹ್ಯಾಂಡೋವರ್ ಕಥೆ ಬೇರೆ. ಏಜೆನ್ಸಿ ಹುಡುಗರು ಒಳ್ಳೆಯವರೇ, ಆದರೆ ಎಕ್ಸೆಲ್ ಶೀಟ್‌ನಲ್ಲಿ ಇದ್ದದ್ದಷ್ಟೇ ಅವರಿಗೆ ಗೊತ್ತು. ವೇಬ್ರಿಡ್ಜ್ ರೂಮಿನಲ್ಲಿ ಅದಿರಿನ ಕೆಂಪು ಧೂಳು ಮೆತ್ತಿದ ಒಂದು ಹಳೇ ಕಂಪ್ಯೂಟರ್ ಇದೆ. ಇನ್ನೂ ವಿಂಡೋಸ್ 7. ಲಾರಿ ತೂಕವೆಲ್ಲ ಅದರಲ್ಲೇ. ಅದು ಶೀಟ್‌ನಲ್ಲೇ ಇರಲಿಲ್ಲ. ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಸೈಬರ್ ದಾಳಿ ಆದರೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 6 ಗಂಟೆಯೊಳಗೆ ತಿಳಿಸಬೇಕು, ಲಾಗ್ (ಕಂಪ್ಯೂಟರ್‌ಗಳಲ್ಲಿ ಏನೇನಾಯ್ತು ಅನ್ನೋ ದಾಖಲೆ) 180 ದಿನ ಇಡಬೇಕು ಅಂತಲೂ ಬರೆದುಕೊಟ್ಟೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಎಲ್ಲಾ ಲಾಗಿನ್ ಬಂದ್ ಮಾಡಿ, ಹಾಗಂತ ಮೇಲ್ ಕಳಿಸಿ ಅಂತ ಕೇಳಿ ಪಡೆದುಕೊಂಡೆ. ನಾಳೆ ಏನಾದರೂ ಆದರೆ ಬೆರಳು ನನ್ನ ಕಡೆ ಬರಬಾರದಲ್ವಾ.

ಹೊಸಪೇಟೆಯಲ್ಲಿ ಒಂದು ಇಂಟರ್‌ವ್ಯೂ ಆಗಿದೆ. ಸಂಬಳ ಸ್ವಲ್ಪ ಕಮ್ಮಿ. ಸೋಮವಾರ ಫೋನ್ ಮಾಡ್ತೀವಿ ಅಂದಿದ್ದಾರೆ.