ಸಹಾಯ ಬೇಕು: ಎದೆ ಬೆಳೀತು, ಬೆನ್ನು ಹಿಂದೆ ಬಿತ್ತು

ಎಂಟು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದೀನಿ. ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಎದೆ ಮೇಲಿಂದ ಭಾರ ಎತ್ತೋದು) ಅಂದ್ರೆ ಹುಚ್ಚು, ವಾರಕ್ಕೆ 3 ದಿನ ಅದೇ. ಈಗ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತ್ರೆ ಭುಜ ಮುಂದಕ್ಕೆ ಬಾಗಿದೆ, ಅಂಗೈ ತೊಡೆ ಕಡೆ ಇರೋ ಬದಲು ಹಿಂದಕ್ಕೆ ತಿರುಗಿಕೊಂಡಿದೆ. ಬೆನ್ನು, ಕಾಲು ಇದ್ದ ಹಾಗೇ ಇವೆ (ಕಾಲಿನ ದಿನ ತಪ್ಪಿಸಿಕೊಳ್ಳೋದ್ರಲ್ಲಿ ನಾನು ಎತ್ತಿದ ಕೈ).

ಈಗ ಬೆನ್ನಿಗೆ ರೋ, ಫೇಸ್ ಪುಲ್ (ಎರಡೂ ಭಾರವನ್ನ ನಮ್ಮ ಕಡೆ ಎಳೆಯೋ ವ್ಯಾಯಾಮ), ಕಾಲಿಗೆ ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ ಸೇರಿಸಿದ್ದೀನಿ, ಒಂದು ಸುತ್ತಿಗೆ 8ರಿಂದ 12 ಬಾರಿ (ರೆಪ್), ಅಂಥ 3 ಸುತ್ತು (ಸೆಟ್). ಗೊಂದಲ ಏನಂದ್ರೆ, ಪ್ರತಿ ವಾರ ವ್ಯಾಯಾಮ ಬದಲಿಸಿದ್ರೆ ಎತ್ತೋ ತೂಕ ಏರ್ತಿದೆಯೋ ಇಲ್ವೋ ಲೆಕ್ಕಕ್ಕೇ ಸಿಗಲ್ಲ. ಬದಲಿಸದಿದ್ರೆ ಮತ್ತೆ ಅದೇ ಕಥೆ. ನೀವು ಎಷ್ಟು ವಾರಕ್ಕೊಮ್ಮೆ ಬದಲಿಸ್ತೀರಿ? ಜೊತೆಗೆ, ಡಂಬೆಲ್ ರೋನಲ್ಲಿ ಎಡಗೈ 2 ರೆಪ್ ಮೊದಲೇ ಸೋಲುತ್ತೆ. ಬಲಗೈಯನ್ನೂ ಅಲ್ಲಿಗೇ ನಿಲ್ಲಿಸಬೇಕಾ? ನನಗೆ ವಾರಕ್ಕೆ 4 ದಿನ ಬಿಡುವಿದೆ.