ಕ್ರಾಸ್‌ಬೋ ಕೊಳ್ಳುವಾಗ ವೇಗ ನೋಡಬೇಕಾ, ಬಾಳಿಕೆ ನೋಡಬೇಕಾ?

ಪ್ರಶ್ನೆ: ಓಹಾಯೋದಲ್ಲಿದ್ದೇನೆ. ಆಫೀಸಿನ ಗೆಳೆಯರ ಜೊತೆ ಈ ಸಲ ಜಿಂಕೆ ಬೇಟೆಗೆ ಹೊರಟಿದ್ದೇನೆ, ಹಂಟರ್ ಕೋರ್ಸ್ ಮುಗಿದಿದೆ. ಕ್ರಾಸ್‌ಬೋ, ಅಂದ್ರೆ ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು, ಕೊಳ್ಳಬೇಕು. ಬಜೆಟ್ 800 ಡಾಲರ್. ಅಂಗಡಿಯವನು 400 ಎಫ್‌ಪಿಎಸ್‌ಗಿಂತ (ಬಾಣದ ವೇಗ, ಸೆಕೆಂಡಿಗೆ ಇಷ್ಟು ಅಡಿ ಅಂತ) ಕಮ್ಮಿ ತಗೋಬೇಡಿ ಅಂತಾನೆ. ಬಳಸಿದವರು ಹೇಳಿ.

ಓಹಾಯೋದಿಂದಲೇ ಒಬ್ಬರು:
ನಾನೂ ಆ ನಂಬರಿಗೆ ಮರುಳಾದವನೇ ಸರ್. ಕಂಪನಿಗಳು ಸಾಮಾನ್ಯವಾಗಿ ಹಗುರ ಬಾಣ ಹಾಕಿ ಅಳೆಯೋದು. ಭಾರದ್ದು ಹಾಕಿದ್ರೆ ವೇಗ ಇಳಿಯುತ್ತೆ. ಲೆಕ್ಕ ನೋಡಿ: 30 ಗಜ ಅಂದ್ರೆ 90 ಅಡಿ. ಸೆಕೆಂಡಿಗೆ 350 ಅಡಿ ಹೋಗೋ ಬಾಣಕ್ಕೆ 0.26 ಸೆಕೆಂಡ್ ಬೇಕು, 400ರದ್ದಕ್ಕೆ 0.23. ಬಿಲ್ಲಿನ ಸ್ಟ್ರಿಂಗ್ ಸದ್ದು 0.08 ಸೆಕೆಂಡಿಗೇ ಜಿಂಕೆ ಕಿವಿಗೆ ಬಿದ್ದಿರುತ್ತೆ. ಎರಡರಲ್ಲೂ ಅದು ಬೆಚ್ಚಿ ಮೈ ತಗ್ಗಿಸೋಕೆ ಟೈಮ್ ಇದೆ.

ನನ್ನ ಮೊದಲಿನದು ಕಾಂಪೌಂಡ್, ಅಂದ್ರೆ ತುದಿಗಳಲ್ಲಿ ಕ್ಯಾಮ್ ಅನ್ನೋ ಗಾಲಿ, ಅದಕ್ಕೆ ಕೇಬಲ್ ಇರೋ ಬಿಲ್ಲು. ಎರಡನೇ ವರ್ಷ ನವೆಂಬರ್ ಮೊದಲ ವಾರ, ಗಂಡು ಜಿಂಕೆಗಳು ಹೆಣ್ಣಿನ ಹಿಂದೆ ಮೈಮರೆತು ಓಡಾಡೋ ಹೊತ್ತು. ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡ್ತೀನಿ, ಕ್ಯಾಮ್ ಪಕ್ಕ ಕೇಬಲ್ ಎಳೆ ಎಳೆಯಾಗಿ ಬಿಚ್ಚಿಕೊಂಡಿದೆ. ಬಿಲ್ಲನ್ನು ಅದುಮಿ ಹಿಡಿಯೋ ಬೋ ಪ್ರೆಸ್ ಯಂತ್ರ ಇಲ್ಲದೆ ಮನೇಲಿ ಬದಲಾಯಿಸೋ ಹಾಗಿಲ್ಲ. ಅಂಗಡಿಯವನು ಹತ್ತು ದಿನ ಅಂದ. ಕಾದು ಕೂತಿದ್ದ ವಾರ ಹಾಗೇ ಹೋಯ್ತು.

ಈಗ ಎಕ್ಸ್‌ಕ್ಯಾಲಿಬರ್ ಕಂಪನಿಯ ರಿಕರ್ವ್ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು) ಇಟ್ಟುಕೊಂಡಿದ್ದೀನಿ. ಕ್ಯಾಮ್ ಇಲ್ಲ, ಕೇಬಲ್ ಇಲ್ಲ; ಕಾಡಲ್ಲೇ ಕೂತು ಸ್ಟ್ರಿಂಗ್ ಬದಲಾಯಿಸಬಹುದು. ಆದ್ರೆ ಸದ್ದು ಜಾಸ್ತಿ, ರೆಕ್ಕೆ (ಬಿಲ್ಲಿನ ಎರಡೂ ಕಡೆ ಬಾಗೋ ತೋಳು) ಅಗಲ, ಮರದ ಮೇಲಿನ ಸ್ಟ್ಯಾಂಡಲ್ಲಿ ತಿರುಗಿಸೋಕೆ ಹೋದ್ರೆ ಕೊಂಬೆಗೆ ಬಡಿಯುತ್ತೆ. 25 ಗಜದಾಚೆ ನಾನು ಹೊಡೆಯಲ್ಲ.

ಮಿಷಿಗನ್‌ನಿಂದ ಇನ್ನೊಬ್ಬರು:
800 ಪೂರ್ತಿ ಬಿಲ್ಲಿಗೇ ಸುರಿಯಬೇಡಿ. ಬಾಣ, ಬ್ರಾಡ್‌ಹೆಡ್ (ಬೇಟೆಯ ಹರಿತ ಬಾಣದ ಮೊನೆ), ಪ್ರಾಕ್ಟೀಸ್ ಟಾರ್ಗೆಟ್, ಸ್ಟ್ರಿಂಗಿಗೆ ಹಚ್ಚೋ ಮೇಣ ಎಲ್ಲ ಸೇರಿ 200 ನುಂಗುತ್ತೆ. ಸ್ಟ್ರಿಂಗ್ ಎಳೆಯೋಕೆ ಹಗ್ಗದ ಕಾಕರ್ (ಎರಡೂ ಕಡೆ ಹಿಡಿ ಇರೋ ಹಗ್ಗ) ಸಾಕು, ಭುಜ ಭಾರವನ್ನು ಅರ್ಧ ಮಾತ್ರ ಹೊರುತ್ತೆ. ನನಗೆ ಭುಜದ ನೋವಿದೆ, ಅದಕ್ಕೇ ಹಿಡಿ ತಿರುಗಿಸಿ ಎಳೆಯೋ ಕ್ರ್ಯಾಂಕ್ ಇರೋದು ತಗೊಂಡೆ. ಹಾಗೇ ಒಂದು ಹಳೇ ಬಾಣ ಜೊತೆಗಿಟ್ಟುಕೊಳ್ಳಿ. ಸುಮಾರು ಬಿಲ್ಲುಗಳನ್ನು ಒಮ್ಮೆ ಎಳೆದ ಮೇಲೆ ಇಳಿಸೋಕೆ ಬರಲ್ಲ, ಸಂಜೆ ಟಾರ್ಗೆಟ್‌ಗೆ ಹೊಡೆದೇ ಖಾಲಿ ಮಾಡಬೇಕು. ಬಾಣ ಇಲ್ಲದೆ ಟ್ರಿಗರ್ ಒತ್ತಿದ್ರೋ, ರೆಕ್ಕೆ ಸೀಳುತ್ತೆ, ವಾರಂಟಿಯೂ ಸಿಗೋದು ಕಷ್ಟ.

ಮತ್ತೊಬ್ಬರು:
ಅಂಗಡಿಯಲ್ಲೇ ಭುಜಕ್ಕಿಟ್ಟು ನೋಡಿ, ಎಡಗೈ ಹೆಬ್ಬೆರಳು ಹಳಿಗಿಂತ (ಬಾಣ ಕೂರೋ, ಸ್ಟ್ರಿಂಗ್ ನುಗ್ಗೋ ದಾರಿ) ಮೇಲೆ ಏಳದ ಹಾಗೆ ತಡೆ ಇದೆಯಾ ಅಂತ. ನನ್ನ ಮೊದಲನೇದರಲ್ಲಿ ಇರಲಿಲ್ಲ. ಆ ಬೆರಳಲ್ಲಿ ಈಗ ಅರ್ಧ ಉಗುರು.