ತೂಕದ ಆಪರೇಷನ್ ಆಗಿ ವರ್ಷಗಳಾದವರು ಈಗ ಹೇಗಿದ್ದೀರಿ?

ನನ್ನ ಅಕ್ಕನಿಗೆ 42 ವರ್ಷ. ಶುಗರ್ ಇದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಡಾಕ್ಟರ್ ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಮಾಡಿಸಿ ಅಂದಿದ್ದಾರೆ, ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವುದು) ಅಥವಾ ಬೈಪಾಸ್ (ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವುದು). ಮೊದಲ ವರ್ಷ ಎಷ್ಟು ಕೆಜಿ ಇಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಐದು, ಹತ್ತು ವರ್ಷದ ಮೇಲೆ ಏನಾಗುತ್ತದೆ? ನಾವು ಸಸ್ಯಾಹಾರಿಗಳು.

ಮೈಸೂರು, ಬೈಪಾಸ್ ಆದವರು:
ಹತ್ತು ವರ್ಷದ ಮೇಲಾಯಿತು. ಇಳಿದ ತೂಕದಲ್ಲಿ ಸ್ವಲ್ಪ ವಾಪಸ್ ಬಂದಿದೆ, ಅದೇನೂ ದೊಡ್ಡ ವಿಷಯವಲ್ಲ. ನನ್ನನ್ನು ಕಾಡಿದ್ದು ವಿಟಮಿನ್ ಬಿ12 ಕೊರತೆ. ಒಂದು ದಿನ ತರಕಾರಿ ತಂದು ಮನೆ ಬಾಗಿಲಲ್ಲಿ ನೋಡುತ್ತೇನೆ, ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಜಾರಿತೋ ಗೊತ್ತಾಗಿರಲಿಲ್ಲ, ಪಾದ ಅಷ್ಟು ಜೋಮು ಹಿಡಿದಿತ್ತು. ಮಲ್ಟಿವಿಟಮಿನ್ ದಿನಾ ನುಂಗುತ್ತಿದ್ದೆ, ಅದರಲ್ಲಿದ್ದಷ್ಟು ಬಿ12 ಸಾಲುತ್ತಿರಲಿಲ್ಲ. ಬೈಪಾಸ್‌ನಲ್ಲಿ ಊಟ ಹೊಟ್ಟೆಯ ಬಹುಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದಲ್ಲ, ಹಾಗಾಗಿ ಬಿ12 ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಅದು ಬರುವುದೇ ಹಾಲು, ಮೊಸರಿನಿಂದ. ಲಿವರ್‌ನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತದೆ, ಅದಕ್ಕೇ ಈ ತೊಂದರೆ ತಡವಾಗಿ ಕಾಣಿಸುವುದು. ಈಗ ಇಂಜೆಕ್ಷನ್ ತಗೊಳ್ಳುತ್ತೇನೆ. ಜೋಮು ಪೂರ್ತಿ ಹೋಗಿಲ್ಲ.

ಹಾಂ, ಇನ್ನೊಂದು. ಮಂಡಿ ನೋವು ಅಂತ ಸುಮ್ನೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ಬೈಪಾಸ್ ಆದವರಿಗೆ ಹೊಟ್ಟೆ, ಕರುಳು ಸೇರಿಸಿದ ಜಾಗದಲ್ಲಿ ಹುಣ್ಣಾಗಬಹುದು.

ಹುಬ್ಬಳ್ಳಿ, ಸ್ಲೀವ್ ಆದವರು:
ನನಗೆ ಎದೆಯುರಿ. ಮೊದಲು ಇರಲೇ ಇಲ್ಲ. ರಾತ್ರಿ ಊಟ ಏಳಕ್ಕೇ ಮುಗಿಸುತ್ತೇನೆ, ತಲೆದಿಂಬು ಎರಡು. ಆದರೂ ಬಿಪಿ ಮಾತ್ರೆ ನಿಂತಿದೆ, ಮೆಟ್ಟಿಲು ಹತ್ತುತ್ತೇನೆ, ಖುಷಿಯಿದೆ. ಅಕ್ಕನಿಗೆ ಈಗಲೇ ಹುಳಿತೇಗು, ಎದೆಯುರಿ ಇದ್ದರೆ ಸರ್ಜನ್‌ಗೆ ಮೊದಲೇ ಹೇಳಲಿ. ಅಂಥವರಿಗೆ ಸ್ಲೀವ್‌ಗಿಂತ ಬೈಪಾಸ್ ಮೇಲು ಅನ್ನುತ್ತಾರೆ.

ಬೆಂಗಳೂರು, ಹೆಂಡತಿಗೆ ಬೈಪಾಸ್ ಆಗಿದೆ:
ಶುಗರ್ ಶಾಶ್ವತವಾಗಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಆಪರೇಷನ್‌ಗೆ ಮೊದಲು ಶುಗರ್ ಇದ್ದವರಲ್ಲಿ ಎರಡು ವರ್ಷಕ್ಕೆ 72% ಜನರಿಗೆ ಅದು ಇಳಿದು ನಾರ್ಮಲ್ ಆಗಿತ್ತು. ಹತ್ತು ವರ್ಷಕ್ಕೆ ಹಾಗೆ ಉಳಿದವರು 36%. ಆಗ ಮಾಡುತ್ತಿದ್ದ ಆಪರೇಷನ್ ಬಹುಪಾಲು ಬೇರೆ ಥರದ್ದು, ಅದೂ ನಿಜ. ಆದರೂ ಆಪರೇಷನ್ ಆಗದವರಿಗೆ ಹೋಲಿಸಿದರೆ ಸಾವು ಕಡಿಮೆ ಇತ್ತು. ಹಾಗಾಗಿ ನಾನಂತೂ ಬೇಡ ಅನ್ನುವುದಿಲ್ಲ.

ನಮ್ಮ ಮನೆಯ ಪಾಡು ಬೇರೆ. ಮದುವೆ ಮನೆಯಲ್ಲಿ ಒಬ್ಬಟ್ಟು ತಿಂದರೆ ಮುಗಿಯಿತು, ಎಲೆ ಮುಂದೆಯೇ ಬೆವರು, ಎದೆ ಡವಡವ. ಸಿಹಿ ಬೇಗನೆ ಕರುಳಿಗೆ ಇಳಿದು ಹೀಗಾಗುವುದಕ್ಕೆ ಡಂಪಿಂಗ್ ಅಂತಾರೆ. ಈಗ ಬಡಿಸುವವರಿಗೇ ಕೈ ಅಡ್ಡ ಹಿಡಿಯುತ್ತಾಳೆ, ನೆಂಟರು ಬೇಜಾರಾಗುತ್ತಾರೆ.

ಮೈಸೂರಿನವರೇ ಮತ್ತೆ:
ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ಬೇಡ. ಕ್ಯಾಲ್ಸಿಯಂಗೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ವರ್ಷಕ್ಕೊಮ್ಮೆ ಬಿ12, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ, ಕ್ಯಾಲ್ಸಿಯಂ ಪರೀಕ್ಷೆ ಆಗಲೇಬೇಕು. ಆಪರೇಷನ್ ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ, ಜೀವನಪೂರ್ತಿ.